ಹಗೇವಿನ ಬಾಯಿ

ನಮ್ಮ ಮನೆಗೆ ಹೊಸದಾಗಿ ಬಂದವರಿಗೆ ನೀರು ಆಮೇಲೆ, ಮೊದಲು ಎಚ್ಚರಿಕೆ. "ನೋಡ್ಕೊಂಡ ಬರ್ರಿ, ನಡುವ ಹಗೇವು ಐತಿ." ಪಡಸಾಲೆಯ ನಟ್ಟನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ ಬಾಯಿ, ಒಳಗೆ ಕೊಡದ ಹಾಗೆ ಉಬ್ಬಿಕೊಂಡ ಕತ್ತಲು. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಊರಿನ ಉಳಿದವರೆಲ್ಲ ತಮ್ಮ ಹಗೇವುಗಳನ್ನು ಎಂದೋ ಮಣ್ಣು ಹಾಕಿ ಮುಚ್ಚಿ, ಮೇಲೆ ತಿಜೋರಿ, ಟೀವಿ ಇಟ್ಟುಕೊಂಡಿದ್ದರು. ನಮ್ಮದು ಮಾತ್ರ ತೆರೆದೇ ಇತ್ತು. ನನ್ನ ಸೋದರತ್ತೆ ಮುಚ್ಚಗೊಡಲಿಲ್ಲ.

ನಮ್ಮ ಚೆಂಡುಗಳೆಲ್ಲ ಅದರೊಳಗೇ ಬೀಳುತ್ತಿದ್ದವು. ಒಮ್ಮೆ ಬೀಗರೊಬ್ಬರ ಚಪ್ಪಲಿ ಬಿತ್ತು. "ಏನ್ರಿ ಇದು, ನಿಮ್ಮ ಮನಿ ಚಪ್ಪಲಿನೂ ಉಣ್ಣತೈತಲ್ಲ!" ಎಂದು ಅವರು ನಗಿಸಿದರು. ಅತ್ತೆ ನಗಲಿಲ್ಲ.

ಯಾಕೆಂದು ಆಕೆಯೇ ಹೇಳಿದ್ದಳು, ಮೊರದಲ್ಲಿ ಜೋಳ ಹಸನು ಮಾಡುತ್ತ, ಕಣ್ಣೆತ್ತದೆ. ನಮ್ಮೂರು ತಳಕಲ್ಲಿನಿಂದಾಚೆ ಯಲಬುರ್ಗಾ ಸೀಮೆಯ ಅಂಚಿನಲ್ಲಿದೆ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಆ ಅಂಚೇ ದೇಶದ ಗಡಿ. ಹಳ್ಳ ದಾಟಿದರೆ ಸ್ವತಂತ್ರ ಭಾರತ, ಈಚೆ ನಾವು. ಬಂದೂಕು ಹಿಡಿದ ಗುಂಪುಗಳು ಕುದುರೆ ಏರಿ ಬಂದು ಗಡಿಯ ಹಳ್ಳಿಗಳನ್ನು ಸುಡುತ್ತಿದ್ದವು. ಸಿಕ್ಕವರನ್ನು ಕೊಲ್ಲುತ್ತಾರೆಂದು ಗಂಡಸರೆಲ್ಲ ಹಳ್ಳದಾಚೆ ಹೋಗಿ ಅಡಗಿದ್ದರು. ಹೆಂಗಸರನ್ನು ಏನೂ ಮಾಡುವುದಿಲ್ಲ ಎಂಬ ನಂಬಿಕೆ ಇತ್ತು. ನಂಬಿದವರು ಗಂಡಸರು.

ಒಂದು ಮುಂಜಾನೆ ಊರಬಾಗಿಲ ಅಗಸಿಯ ಕಡೆ ಹೊಗೆ ಎದ್ದಿತು. ನಮ್ಮಜ್ಜಿ ನಡುವಿನ ಇಬ್ಬರು ಹೆಣ್ಣುಮಕ್ಕಳನ್ನೂ ಪಕ್ಕದ ಮನೆಯ ಹೊಸ ಸೊಸೆಯನ್ನೂ ಕರೆದುಕೊಂಡು ಹಗೇವಿಗೆ ಇಳಿದಳು. ಕೂಸಾಗಿದ್ದ ನಮ್ಮಪ್ಪ ಬಾಯಿ ಮುಚ್ಚದೆ ಅಳುತ್ತಿದ್ದ. "ಇಂವ ಒಳಗ ಬಂದ್ರ ಎಲ್ಲಾರನ್ನೂ ಕೊಲ್ಲಸ್ತಾನ. ನೀ ಬಗಲಾಗ ಇಟ್ಕೊ. ಸಣ್ಣಾಕಿ ನೀ, ನಿನಗೇನೂ ಮಾಡಂಗಿಲ್ಲ" ಎಂದು ಅವನನ್ನು ಹಿರಿಯ ಮಗಳ ಕೈಗೆ ಕೊಟ್ಟಳು. ಹಿರಿಯವಳು ಎಂದರೆ ನಮ್ಮತ್ತೆ, ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನ ಹುಡುಗಿ. "ಕಲ್ಲ ಮುಚ್ಚಿ ಮ್ಯಾಲ ಕರಾ ಕಟ್ಟು. ನಾ ಒಳಗಿಂದ ಕೋಲಿಲೇ ಬಡಿಯೋತನಕ ತಗೀಬ್ಯಾಡ."

ಹುಡುಗಿ ಕಲ್ಲು ಮುಚ್ಚಿದಳು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಪ್ರತಿ ಸುಗ್ಗಿಯಲ್ಲೂ ಹಗೇವು ಮುಚ್ಚುವುದನ್ನು ನೋಡಿ ಬೆಳೆದವಳು. ಜೋಳಕ್ಕೆ ಹುಳ ಹತ್ತಬಾರದೆಂದು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಸಗಣಿಗೆ ಬೂದಿ ಬೆರೆಸಿ ಕಲ್ಲಿನ ಸುತ್ತ ಬೆರಳಿನಿಂದ ಮೆತ್ತಿದಳು. ಎಲ್ಲಿಯೂ ಒಂದು ಸಂದು ಬಿಡಲಿಲ್ಲ. ಮೇಲೆ ಮೇವಿನ ಕಣಿಕೆ ಹರಡಿ ಕರು ಕಟ್ಟಿದಳು.

ಹಗೇವಿನ ಗಾಳಿ ಕೆಟ್ಟದ್ದು ಎಂದು ದೊಡ್ಡವರಿಗೆ ಗೊತ್ತು. ಬಾಯಿ ತೆರೆದು ಗಾಳಿಯಾಡಲು ಬಿಡುತ್ತಾರೆ, ದೀಪ ಇಳಿಸುತ್ತಾರೆ, ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ತಳದಲ್ಲಿ ಇನ್ನೂ ಗಾಳಿ ಕೆಡಿಸುವ ಜೋಳವಿತ್ತು. ಅಂದು ದೀಪ ಇಳಿಸುವ ಪುರುಸೊತ್ತು ಯಾರಿಗಿತ್ತು?

ಕುದುರೆಯವನೊಬ್ಬ ಬಾಗಿಲಲ್ಲಿ ನಿಂತು, "ಮನ್ಯಾಗ ಯಾರ ಅದಾರ?" ಎಂದ.

"ಯಾರೂ ಇಲ್ರಿ. ಹೊಲಕ್ಕ ಹೋಗ್ಯಾರ."

ಅವನು ಅಳುವ ಕೂಸನ್ನೂ ಕರುವನ್ನೂ ನೋಡಿ ಹೊರಬಿದ್ದ. ಬಣವೆಗೆ ಬೆಂಕಿ ಇಟ್ಟು ಹೋದರು. ಅವನು ಯಾವ ಭಾಷೆಯಲ್ಲಿ ಕೇಳಿದ ಎಂದು ನಾನೊಮ್ಮೆ ಕೇಳಿದ್ದೆ. "ನಮ್ಮ ಮಾತೇ. ನಿನ್ನ ಹಾಂಗ, ನನ್ನ ಹಾಂಗ."

ಆಮೇಲೆ ಅವಳು ಕಲ್ಲಿನ ಬಳಿ ಕೂತಳು, ಕೋಲಿನ ಸಪ್ಪಳಕ್ಕೆ ಕಿವಿಗೊಟ್ಟು. "ಅವ್ವ ಬಡೀಲಿಲ್ಲ, ನಾ ತಗೀಲಿಲ್ಲ." ಅತ್ತೆಯ ಕತೆ ಪ್ರತಿ ಸಲ ಇಲ್ಲಿಗೇ ನಿಲ್ಲುತ್ತಿತ್ತು. ಹೊತ್ತು ಮುಳುಗುವಾಗ ಹಳ್ಳ ದಾಟಿ ಬಂದ ಅಜ್ಜ ಕಲ್ಲು ಸರಿಸಿದ. ಒಳಗಿನವರಲ್ಲಿ ಒಬ್ಬರೂ ಉಳಿದಿರಲಿಲ್ಲ. ನಮ್ಮಪ್ಪ ಅಳುಬುರುಕನಾಗಿದ್ದ, ಅದಕ್ಕೆ ನಾನಿದ್ದೇನೆ.

ಅತ್ತೆಗೆ ಮದುವೆಯಾಯಿತು, ಬಾಳ್ವೆಯಾಗಲಿಲ್ಲ. ತಾನಿಲ್ಲದಾಗ ಯಾರಾದರೂ ಹಗೇವನ್ನು ಮುಚ್ಚಿಬಿಟ್ಟಾರೆಂದು ತಿಂಗಳಿಗೊಮ್ಮೆ ಓಡಿ ಬರುತ್ತಿದ್ದವಳು ಕಡೆಗೆ ಇಲ್ಲೇ ಉಳಿದಳು. ನಮ್ಮನ್ನೆಲ್ಲ ಎತ್ತಿ ಆಡಿಸಿದಳು. ಅಣ್ಣ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಮಗ ಹುಟ್ಟಿದ ಮೇಲೆ ಮನೆ ಹೊಸದು ಮಾಡಲು ಹೊರಟಾಗ ಮಾತು ಬಂದೇ ಬಂತು.

"ಅತ್ತಿ, ಹುಡುಗ ಅಂಬೆಗಾಲು ಇಡಾಕ ಹತ್ಯಾನ. ನಾಳೆ ಬಿದ್ನಂದ್ರ?"

"ಮ್ಯಾಲ ಕಬ್ಬಿಣದ ಜಾಳಗಿ ಹಾಕ್ಸು ತಮ್ಮಾ. ಹುಡುಗನೂ ಬೀಳಂಗಿಲ್ಲ, ಗಾಳಿನೂ ಆಡತೈತಿ. ಮುಚ್ಚಬ್ಯಾಡ. ಇಷ್ಟ ನಾ ಕೇಳೂದು."

"ಆತು ಬಿಡು, ನಮ್ಮ ಕಡೆ ಕಬ್ಬಿಣಕ್ಕೇನು ಬರ? ನಾನ ಮಾಡಸ್ತೀನಿ." ಅತ್ತೆ ಅವನ ಗದ್ದ ಹಿಡಿದು ಮುದ್ದಿಟ್ಟಳು.

ನಿಜಾಮರಿಂದ ಬಿಡುಗಡೆಯಾದ ನೆನಪಿಗೆ ಬಾವುಟ ಏರಿಸುವ ದಿನ ಊರಿನ ಸಾಲೆಯಲ್ಲಿ ಅತ್ತೆಗೆ ಸನ್ಮಾನ ಇಟ್ಟುಕೊಂಡರು. "ನೀ ಕರ್ಕೊಂಡ ಹೋಗು, ನನಗ ಡ್ಯೂಟಿ ಐತಿ" ಎಂದ ಅಣ್ಣ. ಹೋದೆವು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಳ್ಳದ ಹೆಸರೂ ಗೊತ್ತಿಲ್ಲದ ಭಾಷಣಕಾರರೊಬ್ಬರು, ಎಳೆ ವಯಸ್ಸಿನಲ್ಲೇ ವೈರಿಗೆ ಮಣ್ಣು ಮುಕ್ಕಿಸಿದ ವೀರಬಾಲೆ ಎಂದರು. ಒಳಗಿದ್ದವರ ಮಾತು ಅವರ ಭಾಷಣದಲ್ಲಿ ಬರಲಿಲ್ಲ. ಗುಂಡು ತಾಗಿ ಸತ್ತವರಲ್ಲವಲ್ಲ. "ಅಮ್ಮಾ, ಎರಡು ಮಾತು ಹೇಳ್ರಿ" ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು.

ಅತ್ತೆ ಜನರನ್ನು ನೋಡಿದಳು. "ನಾನ ಮುಚ್ಚಿದ್ದು ರೀ. ಭಾಳ ಛಲೋ ಮುಚ್ಚಿದ್ದೆ."

ಚಪ್ಪಾಳೆ ಬಿತ್ತು. ಬಹಳ ಹೊತ್ತು ಬಿತ್ತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದಿದ್ದಳು. ಮೈಕು ಆಗಲೇ ಮುಂದಿನವರ ಕೈಗೆ ಹೋಗಿತ್ತು.

ಮನೆಗೆ ಹಿಂತಿರುಗಿದೆವು. ಮನೆಯ ಮುಂದೆ ಸಿಮೆಂಟು ಮೆತ್ತಿದ ಬುಟ್ಟಿಗಳು ಬಿದ್ದಿದ್ದವು. ಒಳಗೆ ಡ್ಯೂಟಿಗೆ ಹೋಗಬೇಕಿದ್ದ ಅಣ್ಣ, ಮೊಣಕಾಲವರೆಗೆ ಬೂದುಬಣ್ಣ. ಪಡಸಾಲೆಯ ನೆಲ ಒಂದೇ ಸಮ, ನಯ, ಹಸಿ. ಹಗೇವು ಎಲ್ಲಿತ್ತು ಎಂದು ನಾನೇ ಹುಡುಕಬೇಕಾಯಿತು.

"ಅತ್ತಿ, ಜಾಳಗಿ ಹಾಕಿದ್ರ ಟೈಲ್ಸ್ ಲೆವಲ್ ಬರಂಗಿಲ್ಲ ಅಂದ್ರು..." ಅಣ್ಣ ಮುಖ ಎತ್ತಲಿಲ್ಲ. "ಹೆಂಗೂ ಒಳಗ ಏನೂ ಇರಲಿಲ್ಲಲ್ಲ."

ಅತ್ತೆ ಹಾರ ಹಾಕಿಕೊಂಡೇ ಹೊಸ್ತಿಲ ಮೇಲೆ ಕೂತಳು. ಬಗ್ಗಿ ಅಂಚಿನ ಸಿಮೆಂಟನ್ನು ಬೆರಳಿನಿಂದ ಸವರಿ ನೋಡಿದಳು, ಸಂದು ಉಳಿದಿದೆಯೇ ಎಂಬಂತೆ. ಉಳಿದಿರಲಿಲ್ಲ.

"ಛಲೋ ಮುಚ್ಚೀದಿ ತಮ್ಮಾ. ಇನ್ನ ಮ್ಯಾಲ ಕಟ್ಟಾಕ ಕರಾ ಎಲ್ಲೈತಿ?"

ಅಣ್ಣ ಎದ್ದು ಹಿತ್ತಲಿಗೆ ಹೋದ. ಹತ್ತಿರದ ಭಾಗ್ಯನಗರದಿಂದ ಬಂದಿದ್ದ ಮೇಸ್ತ್ರಿಗೆ ಇದ್ಯಾವುದೂ ಗೊತ್ತಿಲ್ಲ. ಕರಣಿ ತೊಳೆಯುತ್ತ ನಕ್ಕ. "ಕರಾ ಗಿರಾ ಒಳಗ ಬ್ಯಾಡ್ರಿ ಅಮ್ಮಾರ. ಇನ್ನೂ ಹಸಿ ಐತಿ. ಯಾರೂ ತುಳೀಬಾರ್ದು."