ಎಡಗಡೆಯ ಬಟನ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ವಾಡಿಯಲ್ಲಿ ಸ್ವಂತ ವಿಡಿಯೊ ಅಂಗಡಿ ಇಟ್ಟಿದ್ದಾನೆ ಎಂಬ ಮಾತು ಕೇಳಿದಾಗಲೆಲ್ಲ ನನ್ನ ಎದೆ ಒಂದು ಗೇಣು ಅಗಲವಾಗುತ್ತಿತ್ತು. ಆ ಹೆಸರೊಂದೇ ನನ್ನ ಆಸ್ತಿ. ಅದನ್ನು ಉಳಿಸಿಕೊಳ್ಳಲು ಹೋಗಿ ಒಂದು ಮನೆ ಒಡೆದೆ.

ಶಹಾಬಾದಿನ ಉಸ್ತಾದರ ಹಿಂದೆ ಮದುವೆಗಳಲ್ಲಿ ಲೈಟು ಹಿಡಿದು, ಆಮೇಲೆ ಕ್ಯಾಮೆರಾ ಹೊತ್ತು, ಕೊನೆಗೆ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಎಡಿಟಿಂಗ್ ಕಲಿತೆ. ಓದಿ ಕಲಿತದ್ದಲ್ಲ, ನೋಡಿ ಕಲಿತದ್ದು. ಕತ್ತರಿಸುವುದು ಮೇಲಿನ ಸಾಲಿನಲ್ಲಿ ಮೂರನೆಯದು, ಬಣ್ಣ ಬಲಗಡೆಯ ಮೂಲೆ, ಹಾಡು ಅದರ ಕೆಳಗೆ. ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಡುವೆ ಏನಾದರೂ ಬರಹವಿರುವ ಚೌಕದ ಡಬ್ಬಿ ಮೂಡಿ ಬಂದರೆ ಎಡಗಡೆಯ ಬಟನ್ ಒತ್ತಿ ಮುಂದೆ ಹೋಗು ಎಂದಿದ್ದರು. ಹದಿಮೂರು ವರ್ಷ ಹಾಗೆಯೇ ಒತ್ತಿದೆ.

ನನ್ನ ಸಾಫ್ಟ್‌ವೇರ್ ಹಳೆಯದು. ಎರಡು ಚಿತ್ರ ಒಂದರ ಮೇಲೊಂದು ಇಟ್ಟು ಹೂವು ಉದುರಿಸುವ ಎಫೆಕ್ಟ್ ಹಾಕಲು ಹೋದರೆ ಸಾಕು, ತಾನೇ ಬಂದ್ ಆಗಿಬಿಡುತ್ತಿತ್ತು. ಮತ್ತೆ ತೆರೆದರೆ ಗಂಟೆ ಎರಡು ಗಂಟೆಯ ಕೆಲಸ ಮಾಯ. ಬೈಯುತ್ತ ಮತ್ತೆ ಮಾಡುತ್ತಿದ್ದೆ. ನನ್ನಷ್ಟು ಮೈ ಮುರಿದು ದುಡಿಯುವವ ಈ ಕಡೆ ಯಾರಿದ್ದಾನೆ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ.

ಹೊಸ ವರ್ಷನ್ ಬಂದಾಗ ಚಿತ್ತಾಪುರದಲ್ಲಿ ಇದೇ ಧಂದೆ ಮಾಡುವ ಗೆಳೆಯ ತನ್ನ ಅಂಗಡಿಗೆ ಕರೆದು ತೋರಿಸಿದ. ಅದು ಬಂದ್ ಬೀಳುವುದಿಲ್ಲವಂತೆ. ಆದರೆ ಕತ್ತರಿಸುವುದು ಮೂರನೆಯ ಜಾಗದಲ್ಲಿರಲಿಲ್ಲ, ಬಣ್ಣ ಮೂಲೆಯಲ್ಲಿರಲಿಲ್ಲ. ಮೌಸ್ ಹಿಡಿದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಗೆಳೆಯ ನಕ್ಕು, "ಹೆಸರು ಬರದಾರಲ್ಲೋ ದೋಸ್ತ, ಓದ್ಕೊಂಡು ಒತ್ತು" ಎಂದ. ಹಾಳು ಮಾಡಿಟ್ಟಿದ್ದಾರೆ, ನನಗೆ ಬೇಡ ಎಂದು ಎದ್ದು ಬಂದೆ.

ನನ್ನ ಹೆಂಡತಿ ಸೇಡಂನಲ್ಲಿ ಪಿಯುಸಿ ಪಾಸಾದವಳು. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊ ಕತ್ತರಿಸಿ ಲ್ಯಾಮಿನೇಷನ್ ಮಾಡುತ್ತಾಳೆ. ನಾನು ಮುಖ ಇಳಿಬಿಟ್ಟುಕೊಂಡು ಬಂದದ್ದು ನೋಡಿ, "ಹೊಸಾದ ಹಾಕ್ಕೊರಿ. ನಾ ಓದ್ತೀನಿ, ನೀವು ಒತ್ತೀರಂತ" ಎಂದಳು. ಗಿರಾಕಿಗಳ ಎದುರು ಹೆಂಡತಿ ಓದಿ ಹೇಳುವುದು, ನಾನು ಒತ್ತುವುದು. ಇದು ವಿಡಿಯೊ ಅಂಗಡಿಯೋ ಬಾಲವಾಡಿಯೋ ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದೆ.

ಅದೇ ಬೇಸಿಗೆಯಲ್ಲಿ ದಂಡೋತಿಯ ಒಂದು ಮದುವೆ ಹಿಡಿದಿದ್ದೆ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಎಂದರೆ ದೊಡ್ಡ ಮಾತು. ಬಂಧುಗಳು ತಂದ ಸೀರೆ, ಧೋತರ, ಪಾತ್ರೆಯನ್ನು ಯಾರು ಯಾರಿಗೆ ಕೊಟ್ಟರೆಂದು ಮೈಕಿನಲ್ಲಿ ಕೂಗಿ ಕೊಡಿಸುತ್ತಾರೆ. ವಿಡಿಯೊದಲ್ಲಿ ಮದುಮಗಳು ಎರಡು ನಿಮಿಷ ಕಾಣದಿದ್ದರೆ ಯಾರೂ ಕೇಳುವುದಿಲ್ಲ, ಸೋದರಮಾವನ ಆಯೇರಿ ಕಾಣದಿದ್ದರೆ ಕುಲವೆಲ್ಲ ಎದ್ದು ಕೂರುತ್ತದೆ. ಈ ಮದುವೆಯ ಸೋದರಮಾವ ಕೊಡ್ಲಿ ಊರಿನವರು. ಹೊಲದ ಪಾಲಿನ ಜಗಳದಲ್ಲಿ ತಂಗಿಯ ಹೊಸ್ತಿಲು ತುಳಿಯದೆ ಎಷ್ಟೋ ವರ್ಷ ಕಳೆದಿದ್ದವರು, ತಂಗಿಯ ಮಗಳಿಗಾಗಿ ಸಿಟ್ಟು ಬಿಟ್ಟು ಬಾಜಾಬಜಂತ್ರಿಯೊಂದಿಗೆ ಆಯೇರಿ ತಂದಿದ್ದರು. ಅಣ್ಣ ತಂಗಿ ತಬ್ಬಿಕೊಂಡು ಅತ್ತಿದ್ದರು. ಕ್ಯಾಮೆರಾ ಹಿಡಿದ ನನ್ನ ಕಣ್ಣೂ ಒದ್ದೆಯಾಗಿತ್ತು.

ಆ ಅಳುವಿನ ಮೇಲೆ ಹೂವು ಉದುರಿಸುವಾಗಲೇ ಸಾಫ್ಟ್‌ವೇರ್ ಬಂದ್ ಬಿತ್ತು. ಮತ್ತೆ ತೆರೆದೆ, ಡಬ್ಬಿ ಬಂತು, ಎಡಗಡೆ ಒತ್ತಿದೆ. ಹೋದದ್ದನ್ನು ನೆನಪಿನಿಂದ ಮತ್ತೆ ಕೂಡಿಸಿದೆ. ಎಲ್ಲ ಕೂಡಿಸಿದೆ ಎಂದುಕೊಂಡೆ. ಮೊದಲಿಂದ ಕೊನೆಯವರೆಗೆ ಒಮ್ಮೆ ನೋಡದೆ ಪೆನ್‌ಡ್ರೈವ್ ಕೊಟ್ಟು ಕಳಿಸಿದೆ.

ನಾಲ್ಕು ದಿನಕ್ಕೆ ಮದುಮಗಳ ತಾಯಿಯ ಫೋನು ಬಂತು. ಮನೆಯಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ನೋಡುತ್ತಿದ್ದರಂತೆ, ಅಣ್ಣನೂ ಬಂದಿದ್ದರಂತೆ. "ಅಣ್ಣಾರೆ, ನಮ್ಮಣ್ಣನ ಆಯೇರಿನೇ ಕಾಣವಲ್ದಲ್ರೀ" ಎಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನ್ನ ಕೆಲಸದಲ್ಲಿ ತಪ್ಪು ಎಂದು ಅವರೆದುರು ಒಪ್ಪಲೇ? "ನಾ ಇದ್ದದ್ದೆಲ್ಲ ಹಾಕೀನ್ರೀ. ಮನಿಯವ್ರು ತೆಗೀ ಅಂದದ್ದಷ್ಟೇ ತೆಗದೀನಿ" ಎಂದೆ. ಅವರು ತೆಗೆಸಿದ್ದು ಊಟದ ಪಂಕ್ತಿಯ ಒಂದು ಕಿತ್ತಾಟವನ್ನು, ಅಷ್ಟೇ. ಆದರೆ ಅವರ ಫೋನು ಸ್ಪೀಕರಿನ ಮೇಲಿತ್ತು. ಅಣ್ಣ ಆ ಮಾತು ಕೇಳಿಸಿಕೊಂಡು, ತಂಗಿಯೇ ತನ್ನನ್ನು ಕತ್ತರಿಸಿ ಹಾಕಿಸಿದಳೆಂದು ತಿಳಿದು, ಆಡಬಾರದ್ದು ಆಡಿ ಎದ್ದು ಹೋದರು. ಇದು ನನಗೆ ಆಮೇಲೆ ದಂಡೋತಿಯ ಗಿರಾಕಿಯೊಬ್ಬನಿಂದ ಗೊತ್ತಾಯಿತು.

ಮನಸ್ಸು ತಡೆಯದೆ ಮರುದಿನ ವಿಡಿಯೊ ನೋಡಿದೆ. ಆಯೇರಿ ಇರಲಿಲ್ಲ. ಹಾರ್ಡ್‌ಡಿಸ್ಕಿನಲ್ಲಿ ತೆಗೆದದ್ದೆಲ್ಲ ಹಾಗೇ ಇತ್ತು. ಕೂಡಿಸಲು ಕೂತೆ, ಹೂವಿನ ಹತ್ತಿರ ಮತ್ತೆ ಬಂದ್ ಬಿತ್ತು. ತೆರೆದೆ, ಡಬ್ಬಿ ಬಂತು, ಕೈ ಎಡಗಡೆಗೆ ಹೋಯಿತು. ಹಿಂದೆ ನಿಂತಿದ್ದ ಹೆಂಡತಿ ಕೈ ಹಿಡಿದಳು.

"ನಿಂದರ್ರಿ. ಅದು ಏನ್ ಕೇಳ್ಲಿಕತ್ತದ ಗೊತ್ತದೇನು ನಿಮಗ?"

"ಏನ್ ಕೇಳ್ತದ?"

"ನೀವು ಮಾಡಿದ ಕೆಲಸ ಜ್ವಾಕಿ ಮಾಡಿ ಇಟ್ಟೀನಿ, ವಾಪಸ್ ಕೊಡ್ಲೇನು ಅಂತದ. ಎಡಗಡಿದು ಬ್ಯಾಡ ಅನ್ನೂದು."

ಅವಳು ಬಲಗಡೆಯದನ್ನು ಒತ್ತಿದಳು. ಅಣ್ಣ ತಂಗಿ ತಬ್ಬಿಕೊಂಡು ಅಳುವುದು ಹಾಗೆಯೇ ತಿರುಗಿ ಬಂತು. ಹದಿಮೂರು ವರ್ಷ ಅದು ದಿನಾ ಕೇಳಿತ್ತು, ನಾನು ದಿನಾ ಬೇಡ ಎಂದಿದ್ದೆ. ನಾನು ಬೀಗಿದ ದುಡಿಮೆಯಲ್ಲಿ ಅರ್ಧ, ಕೈಯಾರೆ ಚೆಲ್ಲಿದ್ದನ್ನು ಮತ್ತೆ ತುಂಬಿದ್ದು. ಉಸ್ತಾದರಿಗೆ ಗೊತ್ತಿದ್ದೂ ಹೇಳಲಿಲ್ಲವೋ, ಅವರಿಗೂ ಓದಲು ಬರುತ್ತಿರಲಿಲ್ಲವೋ. ಕೇಳೋಣವೆಂದರೆ ಅವರು ಮಣ್ಣಾಗಿದ್ದಾರೆ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದು ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ಹೋಗಿ ಫೋಟೊ ಕತ್ತರಿಸಲು ಕೂತಳು.

ದಂಡೋತಿಗೆ ಫೋನು ಮಾಡಿದರೆ ಆ ತಾಯಿ ಎತ್ತಲಿಲ್ಲ. ಪೆನ್‌ಡ್ರೈವ್ ತೆಗೆದುಕೊಂಡು ಕೊಡ್ಲಿಗೆ ಹೋದೆ. ಸೋದರಮಾವ ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ತಪ್ಪು ನನ್ನದು, ನಿಮ್ಮ ತಂಗಿಯದಲ್ಲ ಎಂದು ಎಲ್ಲ ಹೇಳಿದೆ. ಅವರು ಪೆನ್‌ಡ್ರೈವನ್ನು ಮುಟ್ಟಲಿಲ್ಲ.

"ಈ ಮಾತು ಅವತ್ತು ಫೋನಿನ್ಯಾಗ ಹೇಳಿದ್ರ ಏನ್ ಹೋಗ್ತಿತ್ತೋ ತಮ್ಮ ನಿಂದು? ನಾ ತಂಗೀಗಿ ಅಂದದ್ದು ನೀ ಹ್ಯಾಂಗ ಕತ್ತರಸ್ತಿ ಈಗ?"

ಚಹಾದ ಕಪ್ಪು ಕಟ್ಟೆಯ ಮೇಲಿಟ್ಟು, ಪೆನ್‌ಡ್ರೈವ್ ತೆಗೆದುಕೊಂಡು ಎದ್ದೆ. ವಾಡಿಗೆ ಬಂದು ಹೊಸ ಸಾಫ್ಟ್‌ವೇರ್ ಹಾಕಿಸಿದೆ. ಅದು ಈವರೆಗೆ ಒಮ್ಮೆಯೂ ಬಂದ್ ಬಿದ್ದಿಲ್ಲ. ಆದರೆ ಡಬ್ಬಿಗಳು ಅದರಲ್ಲೂ ಬರುತ್ತವೆ. ಬಂದರೆ ಮೌಸಿನಿಂದ ಕೈ ತೆಗೆದು, ಗಿರಾಕಿ ಎದುರಿಗಿದ್ದರೂ, ಹೆಂಡತಿಯನ್ನು ಕರೆಯುತ್ತೇನೆ. ಕರೆಯುವ ದನಿಯಲ್ಲಿ ಇವತ್ತಿಗೂ ಸಿಟ್ಟೇ ಇರುತ್ತದೆ. ಅವಳು ಕತ್ತರಿ ಕೆಳಗಿಟ್ಟು ಬಂದು ಓದುತ್ತಾಳೆ. ಕೊಡ್ಲಿಯಿಂದ ವಾಪಸ್ ತಂದ ಪೆನ್‌ಡ್ರೈವ್ ಇನ್ನೂ ಟೇಬಲ್ಲಿನ ಮೇಲೇ ಇದೆ.