ಕೇಳುವ ಮೊದಲೇ ಬಿಚ್ಚುವ ಗಂಟು

ಇವತ್ತು ಬೆಳಗಾವಿ ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸನೊಬ್ಬ ಎಲ್ಲರ ಚೀಲ ತೆರೆಸುತ್ತಿದ್ದ. ಅವನು ಕಾರಣ ಹೇಳದೆ ನನ್ನದನ್ನು ತೆರೆಸಲು ಬಿಡಬಾರದೆಂದು ನಿರ್ಧರಿಸಿ ಸಾಲಿನಲ್ಲಿ ನಿಂತೆ. ಅಜ್ಜ ನೆನಪಾದ.

ಎರಡನೇ ಮಹಾಯುದ್ಧದ ಕಾಲಕ್ಕೆ ಅಜ್ಜ ಪೋರ್ಚುಗೀಸರ ಮಾರ್ಮಗೋವಾ ಬಂದರಿನಲ್ಲಿ ಹಮಾಲನಾಗಿದ್ದ. ಅಲ್ಲಿ ಜರ್ಮನ್ ಹಡಗುಗಳು ತಂಗಿದ್ದರಿಂದ, ಊರಿಗೆ ಬರುವಾಗಲೆಲ್ಲ ಗಡಿಯಲ್ಲಿ ಬ್ರಿಟಿಷ್ ಪೊಲೀಸರು ಗೂಢಚಾರನಿರಬಹುದೆಂದು ಅವನ ಗಂಟು ಬಿಚ್ಚಿಸುತ್ತಿದ್ದರು. ನಾನು ಸಣ್ಣವನಿದ್ದಾಗಲೂ ಗಂಟು ಬಿಚ್ಚುವ ಆ ರೂಢಿಯನ್ನು ಅಜ್ಜ ಬಿಟ್ಟಿರಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಖಾಕಿ ತೊಟ್ಟ ಕಂಡಕ್ಟರ್ ಬಂದರೂ ಗಂಟು ಬಿಚ್ಚಿ ರೊಟ್ಟಿ, ಧೋತರ, ಎಲೆಯಡಿಕೆ ಹರವಿಡುತ್ತಿದ್ದ.

“ರೊಟ್ಟಿ ನೀನ ತಿನ್ನು ಯಜ್ಜಾ, ಟಿಕೀಟ್ ತಗೋ!” ಎಂದು ಕಂಡಕ್ಟರ್ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಸ್ವಾತಂತ್ರ್ಯ ಬಂದೈತಿ ಯಜ್ಜಾ!” ಎಂದು ನಾನು ರೇಗುತ್ತಿದ್ದೆ.

“ಬಂದೈತಿ ಖರೇ. ಖಾಕಿ ಎಲ್ಲಿ ಹೋಗೈತಿ?”

ಸಾಲು ಮುಂದೆ ಸರಿಯಿತು. ಪೊಲೀಸ್ ನನ್ನತ್ತ ನೋಡಿದ, ಅಷ್ಟೇ. ನಾಗರಿಕ ಹಕ್ಕುಗಳ ಕರಪತ್ರ ತುಂಬಿದ ಚೀಲದ ಜಿಪ್ಪನ್ನು ನನ್ನದೇ ಕೈ ಆಗಲೇ ಎಳೆದಿತ್ತು.