ಕವಲಿನಲ್ಲಿ ನಿಲ್ಲಬೇಕಿತ್ತು

ಗುಡ್ಡ ಓಡಲು ಬಂದ ಜನ ಗುಡ್ಡ ಎದುರಾದ ಕೂಡಲೇ ನಡೆಯತೊಡಗಿದರು. ಮೊದಲ ಭಾನುವಾರ ನಾನು ಕಂಡದ್ದು ಇದು. ಕಾರು ನಿಲ್ಲಿಸುವ ಜಾಗದಲ್ಲಿ ಸೇರಿ, ಬೆನ್ನಿಗೆ ನೀರಿನ ಚೀಲ ಬಿಗಿದು, ಯುದ್ಧಕ್ಕೆ ಹೊರಟವರಂತೆ ಸಜ್ಜಾಗಿದ್ದವರು ಏರು ಶುರುವಾದದ್ದೇ ಮೊಣಕಾಲ ಮೇಲೆ ಕೈಯೂರಿ ಅಜ್ಜಂದಿರ ಹಾಗೆ ಹತ್ತತೊಡಗಿದರು. ಓಡಿದವನು ನಾನೊಬ್ಬನೇ. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಕತ್ತಲೆ ಕವಿದು ಬಂಡೆಯ ಮೇಲೆ ಕೂತೆ.

"ಅಣ್ಣಾ, ಅಪ್‌ಹಿಲ್‌ನ್ಯಾಗ ಯಾರೂ ಓಡಂಗಿಲ್ಲ. ವಾಕ್ ಮಾಡಬೇಕು," ಎಂದಳು ಹಿಂದಿನಿಂದ ಬಂದ ತಂಗಿ ಸರೋಜಾ.

"ಮತ್ತ ಓಡೂದು ಯಾವಾಗ?"

"ಇಳಿಯೋವಾಗ."

"ಇಳಿಯಾಕ ಯಾರರ ಇಷ್ಟು ದೂರ ಬರ್ತಾರೇನು?"

ಅವಳು ನಕ್ಕು ನೀರು ಕೊಟ್ಟಳು. ನಮ್ಮ ಹುಬ್ಬಳ್ಳಿಯಲ್ಲಿ ತಲೆ ನರೆತವನು ಬೀದಿಯಲ್ಲಿ ಓಡಿದರೆ ಅಂಗಡಿಯವರು ಎದ್ದು ಬಂದು, ಯಾರಿಗೆ ಏನಾಯಿತು ಎಂದು ಕೇಳುತ್ತಾರೆ. ಇಲ್ಲಿ ಯಾರಿಗೂ ಏನೂ ಆಗದೆ ಓಡುತ್ತಾರೆ. ಇದು ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಊರಿನಲ್ಲಿದ್ದಷ್ಟು ದಿನ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತೆ. ಮದುವೆ ಆಗಲಿಲ್ಲ. ತಂಗಿ ಓದಿದಳು, ನ್ಯೂಜೆರ್ಸಿಯ ಒಂದು ಔಷಧ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು, ಇಲ್ಲಿಯವಳೇ ಆದಳು. ಇಲ್ಲಿಯ ಪ್ರಜೆಯಾದವರು ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು, ಆದರೆ ಸರದಿ ಬರಲು ವರ್ಷಗಟ್ಟಲೆ ಬೇಕು. ಅವಳು ಅರ್ಜಿ ಹಾಕಿದಾಗ ನನ್ನ ಮೀಸೆ ಕಪ್ಪಗಿತ್ತು. ಸರದಿ ಬರುವ ಹೊತ್ತಿಗೆ ನಾನೇ ಅದನ್ನು ಮರೆತಿದ್ದೆ. ಅವಳು ಮರೆತಿರಲಿಲ್ಲ.

ಈಗ ಕ್ರ್ಯಾನ್‌ಬರಿಯಲ್ಲಿ ಅವಳ ಮನೆಯ ಬೇಸ್‌ಮೆಂಟ್‌ನಲ್ಲಿ, ಅಂದರೆ ನೆಲದ ಕೆಳಗಿನ ಕೋಣೆಯಲ್ಲಿ ಇರುತ್ತೇನೆ. ಕಿಟಕಿ ತೆಗೆದರೆ ಹುಲ್ಲು ಕಣ್ಣಿನ ಮಟ್ಟಕ್ಕೆ ಕಾಣುತ್ತದೆ. ಕೆಲಸ ಒಂದು ವೇರ್‌ಹೌಸಿನಲ್ಲಿ. ಊರಿನಲ್ಲಿ ಸಿಲಿಂಡರ್ ಇಳಿಸಿದ ಮನೆಯಲ್ಲೆಲ್ಲ ಒಂದು ಮಾತು, ಒಂದು ಲೋಟ ನೀರು ಇರುತ್ತಿತ್ತು. ಇಲ್ಲಿ ಇಡೀ ದಿನ ಪೆಟ್ಟಿಗೆ ಸಾಗಿಸಿದರೂ ಅದನ್ನು ತೆಗೆದುಕೊಳ್ಳುವವರ ಮುಖ ಕಾಣುವುದಿಲ್ಲ. ಅಂಗಡಿ, ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆ ಸರೋಜಾ ನನ್ನ ಪರವಾಗಿ ಮಾತಾಡುತ್ತಾಳೆ. ಎದುರಿನವರು ನನ್ನ ವಿಷಯ ಕೇಳುವಾಗಲೂ ಅವಳ ಮುಖ ನೋಡಿಯೇ ಕೇಳುತ್ತಾರೆ. ಅವಳ ಮಗಳು ಮಾತ್ರ ನನಗೇ ಹೇಳುತ್ತಾಳೆ, ಅದೂ ಇಂಗ್ಲಿಷಿನಲ್ಲಿ.

ಸರೋಜಾಗೆ ಸಕ್ಕರೆ ಕಾಯಿಲೆ ಶುರುವಾಗುವ ಲಕ್ಷಣ ಕಂಡಿತ್ತು. ಆಫೀಸಿನ ಗೆಳತಿಯೊಬ್ಬಳು ಅವಳನ್ನು ಈ ಓಟದ ಗುಂಪಿಗೆ ಸೇರಿಸಿದಳು, ಸರೋಜಾ ನನ್ನನ್ನು ಎಳೆದುಕೊಂಡು ಬಂದಳು. ಭಾನುವಾರ ಬೆಳಿಗ್ಗೆ ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಗುಡ್ಡಗಳು. ಗುಂಪಿನ ಹಿರಿಯ ಡೆರೆಕ್, ಇಂಗ್ಲೆಂಡಿನ ಉತ್ತರ ಭಾಗದವನು. ಇಲ್ಲಿಯವರು ಇದನ್ನು ಟ್ರೇಲ್ ರನ್ನಿಂಗ್, ಕಾಲುದಾರಿಯ ಓಟ ಎನ್ನುತ್ತಾರೆ. ಡೆರೆಕ್ ಒಪ್ಪುವುದಿಲ್ಲ. ಅವನ ಕಡೆ ಬೋಳು ಗುಡ್ಡಕ್ಕೆ ಫೆಲ್ ಎನ್ನುತ್ತಾರಂತೆ. ದಾರಿಯೇ ಇಲ್ಲದ ಕಡೆ ನಮ್ಮ ದಾರಿ ನಾವೇ ನೋಡಿಕೊಂಡು ಓಡಬೇಕು, ಅದು ಫೆಲ್ ರನ್ನಿಂಗ್. ಇಲ್ಲಿ ಮರಗಳಿಗೆ ಬಣ್ಣದ ಪಟ್ಟಿ ಬಳಿದಿದ್ದಾರೆ, ಅದನ್ನು ನೋಡಿಕೊಂಡು ಹೋದರಾಯಿತು. ಈ ದೇಶದಲ್ಲಿ ಯಾರನ್ನೂ ಕೇಳದೆ ನಾನು ಓದಬಲ್ಲ ಬೋರ್ಡು ಅದೊಂದೇ. ಬೂಟಿನ ಅಡಿಗೆ ರಬ್ಬರಿನ ಮುಳ್ಳು, ದಾರಿ ತಪ್ಪಿದರೆ ಊದಲು ಕೊರಳಲ್ಲಿ ಸೀಟಿ. ಓಟ ಮುಗಿದ ಮೇಲೆ ಎಲ್ಲರೂ ಕಾಲುಚೀಲ ಇಳಿಸಿ ರಕ್ತ ಹೀರುವ ಉಣ್ಣೆ ಹುಳ ಹತ್ತಿದೆಯೇ ಎಂದು ಹುಡುಕುತ್ತಾರೆ. ಆಮೇಲೆ ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ತಿನ್ನುತ್ತಾರೆ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ. ರೊಟ್ಟಿ ಚೀಲದಲ್ಲೇ ಚೂರಾಗಿತ್ತು. ಅವರು ಅದು ಇರುವುದೇ ಹಾಗೆ ಎಂದುಕೊಂಡು ಖಾಲಿ ಮಾಡಿದರು.

ಗುಂಪಿಗೆ ಇರುವುದು ಒಂದೇ ನಿಯಮ. ದಾರಿ ಕವಲೊಡೆದಲ್ಲಿ ಮುಂದಿನವನು ನಿಲ್ಲಬೇಕು. ಹಿಂದಿನವರು ಕಂಡು, ಅವರು ಕೈಯೆತ್ತಿದ ಮೇಲೆ ಹೊರಡಬೇಕು.

ಊರಿನ ಗೆಳೆಯರಾದ ನೀವು ನನ್ನ ಒಂದು ಫೋಟೋ ನೋಡಿದ್ದೀರಿ. ಕೆಸರು ಮೆತ್ತಿದ ಕಾಲು, ಬಾಯಿ ತುಂಬ ನಗು. ಈ ವಯಸ್ಸಿನಲ್ಲಿ ಹೇಗೆ ಓಡುತ್ತೀ, ಬರೆದು ತಿಳಿಸು ಎಂದಿರಿ. ಬರೆಯುವುದಾದರೆ ಆ ದಿನದ್ದನ್ನು ಪೂರ್ತಿ ಬರೆಯಬೇಕು.

ಎಲೆ ಉದುರುವ ಕಾಲ. ದಾರಿ ಯಾವುದು, ಗುಂಡಿ ಯಾವುದು ತಿಳಿಯದಷ್ಟು ಎಲೆ. ಏರಿನಲ್ಲಿ ನಾನು, ಸರೋಜಾ ಕೊನೆಯವರು. ಇಳಿಜಾರು ಬಂತು. ಹಿಮ್ಮಡಿ ಊರಿ ತಡೆಯಬಾರದು, ಸಣ್ಣ ಹೆಜ್ಜೆ ಇಟ್ಟು ಮೈಯನ್ನು ಇಳಿಜಾರಿಗೆ ಬಿಡಬೇಕು ಎಂದು ಡೆರೆಕ್ ಹೇಳಿಕೊಟ್ಟಿದ್ದ. ಹೆಗಲ ಮೇಲೆ ಖಾಲಿ ಸಿಲಿಂಡರ್ ಇಟ್ಟುಕೊಂಡು ಮೆಟ್ಟಿಲು ಇಳಿದ ಕಾಲುಗಳಿಗೆ ಅದು ಆ ದಿನ ತಾನಾಗಿ ನೆನಪಾಯಿತು. ಒಬ್ಬೊಬ್ಬರನ್ನೇ ದಾಟಿದೆ. ಸರೋಜಾ ಎಷ್ಟೋ ಹಿಂದೆ ಉಳಿದಳು. ಕವಲಿಗೆ ಬರುವ ಹೊತ್ತಿಗೆ ನಾನು ದಾಟಿದವರೂ ಬಂದು ಸೇರಿಕೊಂಡರು. ಹಿಂದೆ ಉಳಿದದ್ದು ತಂಗಿಯೊಬ್ಬಳೇ ಆದ್ದರಿಂದ ನಿಲ್ಲಬೇಕಾದವನು ನಾನು. ಉಳಿದವರು ಹೊರಟರು. ನಾನು ನಿಂತೆ.

"ಅಣ್ಣಾ, ನಿಂದರ ಸ್ವಲ್ಪ," ಎಂದು ಮೇಲಿನಿಂದ ಕೂಗಿದಳು. ಮರಗಳ ನಡುವೆ ಅವಳ ಹಳದಿ ಅಂಗಿ ಕಾಣುತ್ತಿತ್ತು.

ಅದೇ ಹೊತ್ತಿಗೆ ಕೆಳಗಿನಿಂದ ಡೆರೆಕ್ ಚಪ್ಪಾಳೆ ತಟ್ಟಿ, "ಕಮ್ ಆನ್, ಬಸು!" ಎಂದ. ಸರೋಜಾಳ ಅಣ್ಣ ಎನ್ನದೆ ನನ್ನ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ನಾನು ಹಳದಿ ಅಂಗಿಯನ್ನು ಇನ್ನೊಮ್ಮೆ ನೋಡಿದೆ. ನೋಡಿ ಓಡಿದೆ. ಯಾಕೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಸಿಟ್ಟಿರಲಿಲ್ಲ. ಅವಳು ಪಕ್ಕದಲ್ಲಿಲ್ಲದೆ ಒಂದು ಜಾಗಕ್ಕೆ ಹೋಗಿ ಮುಟ್ಟಬೇಕು ಅನ್ನಿಸಿತು, ಅಷ್ಟೇ ಗೊತ್ತು. ನನಗಾಗಿ ಅಷ್ಟು ವರ್ಷ ಕಾದವಳಿಗೆ ನಾನು ಎರಡು ನಿಮಿಷ ಕಾಯಲಿಲ್ಲ.

ಕೆಳಗೆ ಎಲ್ಲರೂ ಬೆನ್ನು ತಟ್ಟಿದರು. ಯಾರೋ ಫೋಟೋ ತೆಗೆದರು. ನೀವು ನೋಡಿದ್ದು ಅದು.

ಸರೋಜಾ ಬರಲಿಲ್ಲ. ಡೆರೆಕ್ ನನ್ನ ಬಳಿ ಬಂದು, ಕವಲಿನಲ್ಲಿ ನಿಂತಿದ್ದೆಯಾ ಎಂದು ಕೇಳಿದ. ನನ್ನ ಇಂಗ್ಲಿಷು ಅಲ್ಲಿಗಲ್ಲಿಗೆ. ಆದರೂ ಸುಳ್ಳಿಗೆ ಸಾಕಾಯಿತು. "ಐ ವೇಟ್. ಸಿಸ್ಟರ್ ನೋ ಕಮ್," ಎಂದೆ.

ಅದರಿಂದ ಏನಾಯಿತೆಂದರೆ, ಅವಳು ಕವಲಿಗೆ ಬಂದೇ ಇಲ್ಲವೆಂದು ತಿಳಿದು ಎಲ್ಲರೂ ಕವಲಿನ ಮೇಲ್ಭಾಗದಲ್ಲೇ ಹುಡುಕಿದರು. ನಾನೂ ಅವರ ಜೊತೆ, ಅಲ್ಲಿರಲಾರಳು ಎಂದು ತಿಳಿದೂ, ಹೆಸರು ಕೂಗುತ್ತ ತಿರುಗಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಂದು ದಾರಿಯ ಕೆಳಗಿನಿಂದ ಸೀಟಿ ಕೇಳಿಸಿತು. ಎಲೆಯಡಿಯ ಕಲ್ಲಿಗೆ ಕಾಲು ಜಾರಿ ಅವಳ ಪಾದ ಉಳುಕಿತ್ತು. ಚಳಿಗೆ ತುಟಿ ನೀಲಿಯಾಗಿತ್ತು.

ಕಾರಿನಲ್ಲಿ ಅವಳು ಕೇಳಿದಳು. "ನೀ ನಿಂತಿದ್ದಿ?"

"ನಿಂತಿದ್ದೆ."

ಅವಳು ಕಿಟಕಿ ಕಡೆ ತಿರುಗಿದಳು. ಪಾದಕ್ಕೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಷ್ಟು ದಿನ ಫೋನ್ ಮಾಡಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಅಣ್ಣ ನಿಂತಿದ್ದ, ನಾನ ದಾರಿ ತಪ್ಪಿದೆ." ನಾನು ಕೆಳಗಿನ ಕೋಣೆಯಲ್ಲಿ ಕೂತು ಅದನ್ನು ಕೇಳುತ್ತಿದ್ದೆ. ಊರಿನಲ್ಲಾಗಿದ್ದರೆ ಎದ್ದು ಚಹಾದ ಅಂಗಡಿಗೆ ಹೋಗಿ ಯಾರ ಬಳಿಯಾದರೂ ಬಾಯಿಬಿಡುತ್ತಿದ್ದೆ. ಇಲ್ಲಿ ನನ್ನ ಮಾತು ಬಲ್ಲವಳು ಅವಳೊಬ್ಬಳೇ. ಅವಳಿಗೇ ಹೇಳಬೇಕು, ಅವಳಿಗೇ ಹೇಳಲಾರೆ.

ಚಳಿಗಾಲ ಕಳೆದು ಮತ್ತೆ ಗುಡ್ಡಕ್ಕೆ ಹೋದೆವು. ಅದೇ ಕವಲು. ಉಳಿದವರು ಮುಂದೆ ಹೋದರು. ನಾನು ನಿಂತೆ. ಅವಳು ನಿಧಾನವಾಗಿ ಇಳಿದು ಬಂದಳು. ಕೈಯೆತ್ತುವ ಮೊದಲೇ ಹೇಳಿಬಿಟ್ಟೆ.

"ಸರೂ, ಅವತ್ತ ನಾ ನಿಂದರಲಿಲ್ಲ. ನಿನ್ನ ನೋಡಿ ಓಡಿದೆ."

"ಗೊತ್ತೈತಿ. ನನಗ ನಿನ್ನ ಬೆನ್ನು ಕಂಡಿತ್ತಲ್ಲ."

"ಮತ್ತ ಎಲ್ಲರ ಮುಂದ ನಿಂತಿದ್ದ ಅಂತ ಹೇಳಿದಿ?"

"ನಾನೇನ ದಾರಿ ತಪ್ಪಿದ್ನೇನು?" ಅವಳು ಮರಕ್ಕೆ ಕೈಯೂರಿ ಉಸಿರು ತೆಗೆದುಕೊಂಡಳು. "ಬೇಕಂತನ ಆ ಕಡೆ ಹೋದೆ. ಹುಡುಕಲಿ ಮಗ ಅಂತ. ಸೀಟಿ ಸುದ್ದ ತಡಮಾಡಿ ಊದಿದೆ. ಇಷ್ಟು ವರ್ಷ ಕಾದು ಕರಸಿದ್ದು ಬೆನ್ನು ನೋಡಾಕೇನು ಅನ್ನಿಸ್ತು."

ಹಗುರಾಗಬೇಕಿತ್ತು, ಆಗಲಿಲ್ಲ. ಕಾಲು ಮುರಿದಿದ್ದರೆ ಎಂದೆ. "ಮುರೀಲಿಲ್ಲಲ್ಲ," ಎಂದಳು.

"ನಡಿ, ಮುಂದ ಓಡು," ಎಂದಳು ಆಮೇಲೆ. "ನಿನ್ನ ಹೆಸರು ಕೂಗಾಕಹತ್ಯಾರ."

"ನೀ ಮುಂದ ಹೋಗು."

"ನಿನ್ನ ಮುಂದ ಹೋದ್ರ ಹಿಂದಿನಿಂದ ಬಂದು ನನ್ನ ಮ್ಯಾಲೆ ಬೀಳ್ತಿ. ಓಡೋ ಮಾರಾಯ. ಮುಂದಿನ ಕವಲಿನ್ಯಾಗ ನಿಂದರು."

ಓಡಿದೆ. ಕೆಳಗಿನಿಂದ ಬಸು ಎಂಬ ಕೂಗು ಬರುತ್ತಿತ್ತು. ಊರಿನಲ್ಲಿ ಎಲ್ಲರೂ ಕರೆಯುವ ಹೆಸರೇ, ಆದರೆ ಇವರ ಬಾಯಲ್ಲಿ ಬೇರೆ ಯಾರನ್ನೋ ಕರೆದಂತೆ ಕೇಳುತ್ತದೆ. ಅದಕ್ಕೂ ನನ್ನ ಕಾಲು ಓಗೊಡುತ್ತದೆ. ಮುಂದಿನ ಕವಲಿಗೆ ಬಂದು ತಿರುಗಿ ನಿಂತೆ. ನಿಂತರೆ ಬೆವರು ಆರಿ ಚಳಿ ಹತ್ತುತ್ತದೆ. ಮೇಲೆ ಮರಗಳ ನಡುವೆ ಹಳದಿ ಅಂಗಿ ಇನ್ನೂ ಕಾಣಿಸಿರಲಿಲ್ಲ. ಕೆಳಗೆ ಇನ್ನೊಮ್ಮೆ ಕೂಗಿದರು. ಬಂದೆ ಎಂದು ಕನ್ನಡದಲ್ಲಿ ಕೂಗಿ ಹೇಳಿ, ಅಲ್ಲೇ ನಿಂತಿದ್ದೆ.